ಮುಂಚೆಯೇ ಬಿದ್ದ ಪೆಟ್ಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇದುವರೆಗೆ ಕಥೆ ಬರೆದವನಲ್ಲ. ಇದನ್ನು ನನಗೆ ಹೇಳಿದವರು ನನ್ನ ಸೋದರತ್ತೆ ಸಾಕಮ್ಮ. ಆಕೆ ಹೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ನಾನು ಹೇಳುವಾಗ ನಿಮಗೆ ಹಾಗಾಗದಿದ್ದರೆ ತಪ್ಪು ನನ್ನದು, ಕಥೆಯದಲ್ಲ.

ನದಿಯ ದಡದಲ್ಲಿ ಒಂದು ನಾಟ್ಯದ ಗುರುಕುಲವಿತ್ತು. ಯಾವ ನದಿ ಎಂದು ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗುರುವಿನ ಹೆಸರು ಮರಕತಮ್ಮ. ಏಳು ಹುಡುಗಿಯರು ಅಲ್ಲೇ ಉಳಿದು ಕಲಿಯುತ್ತಿದ್ದರು. ಅತ್ತೆ ಅಲ್ಲಿ ಅಡುಗೆಯವಳು.

ಆ ಗುರುಕುಲದಲ್ಲಿ ಒಂದು ಪದ್ಧತಿ. ವರ್ಷಕ್ಕೆ ಒಬ್ಬಳಿಗೆ ಮಾತ್ರ ರಂಗಪ್ರವೇಶ. ಅಂದರೆ ಸಭೆಯ ಮುಂದೆ ಮೊದಲ ಸಲ ಒಬ್ಬಳೇ ನಿಂತು ಕುಣಿಯುವುದು. ಅದು ಮರಕತಮ್ಮನವರ ಗುರುಗಳು ತೀರಿಕೊಂಡ ತಿಥಿಯ ದಿನ. ಆ ದಿನ ತಪ್ಪಿದರೆ ಮತ್ತೆ ಒಂದು ವರ್ಷ.

ಆ ವರ್ಷ ಅದು ಹೈಮವತಿಯದು. ಹನ್ನೊಂದು ವರ್ಷ ಕಾದಿದ್ದಳು. ಇನ್ನು ಇಪ್ಪತ್ತು ದಿನ ಇರುವಾಗ ಬಿದ್ದಳು.

ಹೇಗೆ ಬಿದ್ದಳು ಎಂಬುದನ್ನು ನಾನು ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾಟ್ಯ ಕಲಿಸುವವರು ನೆಲದ ಮೇಲೆ ಕೂತು, ತಟ್ಟುಮಣೆ ಎಂಬ ಮರದ ತುಂಡಿನ ಮೇಲೆ ಕೋಲಿನಿಂದ ತಾಳ ತಟ್ಟುತ್ತಾರೆ. ಕುಣಿತದ ಕೊನೆಯಲ್ಲಿ ಒಂದೇ ಸೊಲ್ಲು ಮೂರು ಸಲ ಬರುತ್ತದೆ. ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ಮೂರನೆಯ ‘ತೊಂ’ಗೆ ಕೋಲೂ ಕಾಲೂ ಒಟ್ಟಿಗೆ ಬೀಳಬೇಕು. ಕುಣಿಯುವವಳು ಆಗ ಯೋಚಿಸುತ್ತಾ ನಿಲ್ಲುವುದಿಲ್ಲ. ಕೋಲನ್ನು ನಂಬಿ ಕಾಲು ಹಾಕುತ್ತಾಳೆ, ಅಷ್ಟೆ.

ಹೈಮವತಿ ಹಾರಿ ಇಳಿಯುತ್ತಿದ್ದಳು. ಪೆಟ್ಟು ಅರ್ಧ ಕ್ಷಣ ಮುಂಚೆ ಬಿತ್ತು. ಅದನ್ನು ಹಿಡಿಯಲು ಹೋದ ಬಲಗಾಲು ಪಾದದ ಗಂಟಿನ ಹತ್ತಿರ ತಿರುಚಿಕೊಂಡಿತು.

“ಅಮ್ಮಾ, ನನ್ನ ಕಾಲು!” ಎಂದು ಕೂಗಿದಳು.

ಡಾಕ್ಟರು ನೋಡಿದರು. “ನಡೆಯಬಹುದು. ಕುಣಿಯೋ ಮಾತು ವರ್ಷ ಕಳೆದ ಮೇಲೆ,” ಎಂದರು.

ಮೂರನೆಯ ದಿನ ಮರಕತಮ್ಮ ಅವಳ ಚಾಪೆಯ ಪಕ್ಕ ಬಂದು ಕೂತರು.

“ತಾಳ ಮುಂಚೆ ಬಿತ್ತು, ಅಮ್ಮ.”

“ನನ್ನ ಕೋಲು ಇನ್ನೂ ಮೇಲಿತ್ತು.”

“ನನಗೆ ಪೆಟ್ಟು ಕೇಳಿಸ್ತು.”

“ಕೇಳಿಸ್ತು,” ಎಂದರು ಗುರು. “ನನಗೂ.”

ಅಷ್ಟು ಹೇಳಿ ಎದ್ದು ಹೋದರು.

ರಂಗಪ್ರವೇಶ ಪ್ರಭಾಮಣಿಯ ಪಾಲಾಯಿತು. ಅವಳು ಹೈಮವತಿಗಿಂತ ಎರಡು ವರ್ಷ ಚಿಕ್ಕವಳು, ಬಾಯಿ ಸ್ವಲ್ಪ ಜೋರು. ಹೈಮವತಿಗೆಂದು ಹೊಲಿಸಿದ್ದ ರೇಷ್ಮೆಯ ಉಡುಪನ್ನು ಅವಳಿಗೆ ತೊಡಿಸಿ ನೋಡಿದರು.

“ಅಕ್ಕ, ನಿನ್ನ ರವಿಕೆಯಲ್ಲಿ ಉಸಿರಾಡೋಕೆ ಆಗಲ್ಲ ಕಣೆ. ಹನ್ನೊಂದು ವರ್ಷ ಉಪವಾಸ ಇದ್ಯಾ?” ಎಂದಳು ಪ್ರಭಾಮಣಿ.

ಎಲ್ಲರೂ ನಕ್ಕರು. ಹೈಮವತಿಯೂ ನಕ್ಕಳು. ಆದರೆ ಅವಳ ನಗು ಬೇರೆಯವರದು ಮುಗಿದ ಮೇಲೆ ಬಂತು ಎಂದು ಅತ್ತೆ ನೆನಪಿಟ್ಟುಕೊಂಡಿದ್ದರು.

ಮರಕತಮ್ಮ ತಮ್ಮ ತಟ್ಟುಕೋಲನ್ನು ತಂದು ಹೈಮವತಿಯ ಮಡಿಲಲ್ಲಿ ಇಟ್ಟರು.

“ಪ್ರಭಾಮಣಿಗೆ ನೀನು ತಾಳ ಹಾಕು.”

“ನಾನಾ?”

“ಕಾಲು ಕೂತಿದೆ. ಕೈ ಯಾಕೆ ಕೂತಿರಬೇಕು?”

ಇನ್ನು ಭಯದ ಭಾಗ. ಇದು ರಾತ್ರಿ ನಡೆದದ್ದಲ್ಲ. ಅತ್ತೆ ಇದನ್ನು ಎರಡು ಸಲ ಒತ್ತಿ ಹೇಳಿದ್ದರು. ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಎಲ್ಲರೂ ಊಟಕ್ಕೆ ಕೂತಿರುವಾಗ ನಡೆದದ್ದು.

ನಾಟ್ಯದ ಹಜಾರದಿಂದ ಹೆಜ್ಜೆಯ ಸದ್ದು ಬಂತು.

ಹೈಮವತಿ ತುತ್ತು ಕೈಯಲ್ಲೇ ಹಿಡಿದು ಕೂತಳು. ಎಲೆಗಳನ್ನು ಎಣಿಸಿದಳು. ಏಳು ಎಲೆ, ಏಳು ಹುಡುಗಿಯರು. ಗುರುಗಳು ಎದುರಿಗೆ ಮಜ್ಜಿಗೆ ಕುಡಿಯುತ್ತಿದ್ದರು.

“ಸಾಕಮ್ಮ, ಹಜಾರದಲ್ಲಿ ಏನದು?” ಎಂದಳು ಹೈಮವತಿ.

“ಇಲಿ ಕಣವ್ವ.”

“ಇಲಿ ತದಿಗಿಣತೊಂ ಹಾಕುತ್ತಾ?”

“ನಾಟ್ಯದ ಮನೆ ಇಲಿ. ಇಷ್ಟು ವರ್ಷದಲ್ಲಿ ಏನಾದ್ರೂ ಕಲಿತಿರ್ತದೆ,” ಎಂದು ಅತ್ತೆ ಅನ್ನ ಬಡಿಸಿದರು. ಅದು ಇಲಿಯಲ್ಲ ಎಂದು ತಮಗೂ ಗೊತ್ತಿತ್ತೆಂದು ನನ್ನ ಬಳಿ ಒಪ್ಪಿಕೊಂಡರು.

ಮಾರನೆಯ ಮಧ್ಯಾಹ್ನ ಹೈಮವತಿ ಊರುಗೋಲು ಹಿಡಿದು ಹಜಾರಕ್ಕೆ ಹೋದಳು. ಯಾರೂ ಇರಲಿಲ್ಲ. ಕೆಂಪು ನೆಲದ ಮೇಲೆ ಬೆವರಿನ ಹೆಜ್ಜೆಗಳು ಮೂಡುತ್ತಿದ್ದವು. ಒಂದು ಮೂಡಿ ಆರುವಷ್ಟರಲ್ಲಿ ಇನ್ನೊಂದು. ಬಲಗಾಲಿನ ಗುರುತಿನಲ್ಲಿ ಕಿರುಬೆರಳು ಇರಲಿಲ್ಲ.

ಹೈಮವತಿಯ ಬಲಗಾಲಿನ ಕಿರುಬೆರಳು ಹುಟ್ಟಿನಿಂದ ನೆಲಕ್ಕೆ ತಾಗುವುದಿಲ್ಲ. ಹಾಗಾಗಿ ಅವು ಅವಳದೇ ಹೆಜ್ಜೆಗಳು. ನೀವು ಇದನ್ನು ಊಹಿಸಿರುತ್ತೀರಿ, ಆದರೂ ಹೇಳಿಬಿಡುವುದು ಒಳ್ಳೆಯದು.

ಸಂಜೆ ಗುರುಗಳ ಹತ್ತಿರ ಹೋದಳು.

“ಅಮ್ಮ, ಯಾರೋ ನನ್ನ ಕಾಲಲ್ಲಿ ಕುಣೀತಿದ್ದಾರೆ.”

“ಚೆನ್ನಾಗಿ ಕುಣೀತಾಳಾ?”

“ಹೂಂ. ಬೀಳೋ ಮೊದಲು ನಾನು ಕುಣೀತಿದ್ದ ಹಾಗೆ.”

“ತಾಳ ಯಾರು ಹಾಕ್ತಾರೆ?”

“ಯಾರೂ ಇಲ್ಲ.”

“ಪಾಪ,” ಎಂದು ಮರಕತಮ್ಮ ನದಿಗೆ ಇಳಿದು ಹೋದರು.

ಅಂದಿನಿಂದ ಮಧ್ಯಾಹ್ನ ಹೈಮವತಿ ತಟ್ಟುಮಣೆಯ ಮುಂದೆ ಕೂರತೊಡಗಿದಳು. ಕೋಲು ತಟ್ಟಿದರೆ ಹೆಜ್ಜೆ ಬರುತ್ತಿತ್ತು. ನಿಧಾನಿಸಿದರೆ ನಿಧಾನಿಸುತ್ತಿತ್ತು. ಕೋಲನ್ನು ಎತ್ತಿ ಹಿಡಿದರೆ ಹಜಾರದ ನಡುವೆ ಯಾರೋ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ನಾಲ್ಕು ದಿನದಲ್ಲಿ ಅವಳ ಕೈ ಪಳಗಿತು.

ಇಲ್ಲಿ ಹೈಮವತಿಯ ಮನಸ್ಸನ್ನು ಹೇಳಬೇಕು. ಅವಳು ಕೆಟ್ಟವಳಲ್ಲ. ಆದರೆ ಹನ್ನೊಂದು ವರ್ಷ ಚಿಕ್ಕದಲ್ಲ. ಕೋಲು ಹಿಡಿದವರು ಮನಸ್ಸು ಮಾಡಿದರೆ ಕುಣಿಯುವವಳನ್ನು ಮುಟ್ಟದೆಯೇ ಕೆಡವಬಹುದು ಎಂದು ಅವಳಿಗೆ ಈಗ ಗೊತ್ತಾಗಿತ್ತು. ಮೂರನೆಯ ‘ತೊಂ’ ಅರ್ಧ ಕ್ಷಣ ಮುಂಚೆ ಬಿದ್ದರೆ ಸಾಕು. ಪ್ರಭಾಮಣಿ ಬಿದ್ದರೆ ಈ ವರ್ಷದ ತಿಥಿ ಸುಮ್ಮನೆ ಕಳೆಯುತ್ತದೆ, ಚಿಕ್ಕವಳು ತನ್ನನ್ನು ದಾಟಿ ಹೋಗುವುದಿಲ್ಲ. ಮುಂದಿನ ವರ್ಷಕ್ಕೆ ತನ್ನ ಕಾಲು ಕೂಡಿರುತ್ತದೆ.

ಅರ್ಧ ಕ್ಷಣ ಎಂದರೆ ಕಷ್ಟದ ಲೆಕ್ಕ. ಅಭ್ಯಾಸ ಬೇಕು.

ಐದನೆಯ ಮಧ್ಯಾಹ್ನ ಅಭ್ಯಾಸ ಮಾಡಿದಳು.

ತದಿಗಿಣತೊಂ. ತದಿಗಿಣತೊಂ. ತದಿಗಿಣ...

ಕೋಲು ಮುಂಚೆ ಬಿತ್ತು.

ಹೆಜ್ಜೆ ಜಾರಿತು. ಒಂದು ಮೈ ನೆಲಕ್ಕೆ ಅಪ್ಪಳಿಸಿದ ಸದ್ದಾಯಿತು. ಖಾಲಿ ಹಜಾರದ ನಡುವಿನಿಂದ ಕೂಗು ಎದ್ದಿತು.

“ಅಮ್ಮಾ, ನನ್ನ ಕಾಲು!”

ಹೈಮವತಿ ತನ್ನ ಬಾಯಿಯನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಅದು ಮುಚ್ಚಿತ್ತು.

ಆಮೇಲೆ ಸದ್ದಿಲ್ಲ. ಮಾರನೆಯ ಮಧ್ಯಾಹ್ನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಹಜಾರದ ನಡುವೆ ಒಬ್ಬಳು ಮಲಗುವಷ್ಟು ಜಾಗ ಮಾತ್ರ ಒದ್ದೆಯಾಗಿತ್ತು. ಅತ್ತೆ ಅದನ್ನು ಮೂರು ಸಲ ಒರೆಸಿದರು. ಬಟ್ಟೆ ಒದ್ದೆಯಾಗುತ್ತಿತ್ತು, ನೆಲ ಒಣಗುತ್ತಿರಲಿಲ್ಲ. ಅಲ್ಲಿನ ನೆಲ ಬೆಚ್ಚಗಿತ್ತಂತೆ.

ಹೈಮವತಿ ಗುರುಗಳ ಮುಂದೆ ಕೋಲನ್ನು ಇಟ್ಟಳು.

“ಅವತ್ತು ನನ್ನನ್ನು ಕೆಡವಿದ ಆ ಪೆಟ್ಟು ನಂದೇ, ಅಮ್ಮ.”

“ಯಾರಿಗೆ ಅಂತ ಇಟ್ಟಿದ್ದೆ?”

“ಪ್ರಭಾಗೆ.”

ಮರಕತಮ್ಮ ಬೈಯಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ.

“ಕೋಲು ತಗೊಳ್ಳಿ, ಅಮ್ಮ. ಬೇರೆ ಯಾರಿಗಾದರೂ ಕೊಡಿ. ನನ್ನ ಕೈ ಅದನ್ನು ಕಲಿತುಬಿಟ್ಟಿದೆ.”

“ಊಟ ಆಯ್ತಾ?”

“ಇಲ್ಲ.”

“ಮಾಡು. ಬೆಳಿಗ್ಗೆ ಅಭ್ಯಾಸ ಇದೆ. ಕೋಲು ಮರೀಬೇಡ.”

ಬೆಳಿಗ್ಗೆ ಎಲ್ಲರೂ ಸೇರಿದರು. ಕುಣಿಯುವ ಮುನ್ನ ತಟ್ಟುಮಣೆಯನ್ನೂ ಕೋಲು ಹಿಡಿದವರ ಕಾಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅದು ನಿಯಮ. ಪ್ರಭಾಮಣಿ ಬಗ್ಗಿ, ಪಟ್ಟಿ ಕಟ್ಟಿದ್ದ ಕಾಲಿಗೆ ಕೈ ಚಾಚಿದಳು.

“ಮುಟ್ಟಬೇಡ,” ಎಂದಳು ಹೈಮವತಿ.

“ಯಾಕಕ್ಕ, ನೋಯುತ್ತಾ? ಮುಟ್ಟದೆ ಕುಣಿದು ನಿನ್ನ ಹಾಗೆ ಬೀಳಲಾ?”

ಹೈಮವತಿ ಗುರುಗಳ ಕಡೆ ನೋಡಿದಳು. ಅವರು ಕಿಟಕಿಯ ಹೊರಗೆ ನದಿ ನೋಡುತ್ತಿದ್ದರು.

“ಪ್ರಭಾ, ಮೂರನೇ ತೊಂ ಹತ್ತಿರ ನನ್ನ ಕೋಲನ್ನು ನಂಬಬೇಡ. ನಿನ್ನನ್ನು ಕೆಡವೋದಕ್ಕೆ ಅಂತ ಅಭ್ಯಾಸ ಮಾಡಿದ್ದೀನಿ.”

ಯಾರೂ ನಗಲಿಲ್ಲ. ಪ್ರಭಾಮಣಿಯ ಮುಖ ಬಿಳಿಚಿತು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಕೇಳಿದಳು: “ಈಗ್ಲೂ ಕೆಡವ್ತೀಯಾ?”

“ಗೊತ್ತಿಲ್ಲ.”

“ಸುಳ್ಳು ಹೇಳಲಿಲ್ಲವಲ್ಲ,” ಎಂದು ಪ್ರಭಾಮಣಿ ಆ ಕಾಲನ್ನು ಮುಟ್ಟಿಯೇ ಕಣ್ಣಿಗೊತ್ತಿಕೊಂಡಳು. ಹೋಗಿ, ಒದ್ದೆ ಜಾಗದಿಂದ ಒಂದು ಹೆಜ್ಜೆ ಈಚೆಗೆ ನಿಂತಳು.

ಹೈಮವತಿ ಕೋಲು ಎತ್ತಿದಳು.

ತದಿಗಿಣತೊಂ.

ತದಿಗಿಣತೊಂ.

ಪ್ರಭಾಮಣಿ ಹಾರಿದಳು. ಹೈಮವತಿಯ ಕೈ ಮೇಲೆಯೇ ನಿಂತಿತು. ಅರ್ಧ ಕ್ಷಣ ಬಂತು, ಹೋಯಿತು. ಆಗ ಕೋಲೂ ಕಾಲೂ ಒಟ್ಟಿಗೆ ಬಿದ್ದವು.

ಹೈಮವತಿ ಅಳುತ್ತಿದ್ದಳು. ಪ್ರಭಾಮಣಿ ತನ್ನ ಎರಡು ಕಾಲುಗಳನ್ನೂ ನೋಡಿಕೊಳ್ಳುತ್ತಿದ್ದಳು.

ಮರಕತಮ್ಮ ಕಿಟಕಿ ಬಿಟ್ಟು ಬಂದರು. ಇಬ್ಬರನ್ನೂ ದಾಟಿ ಒದ್ದೆ ಜಾಗದ ಬಳಿ ಹೋಗಿ, ನಿಧಾನವಾಗಿ ಮಂಡಿಯೂರಿ ಕೂತರು. ಅಲ್ಲಿ ಯಾರೂ ಇರಲಿಲ್ಲ. ಅವರು ಕೈ ಚಾಚಿದರು.

“ಏಳು ಮಗಳೆ. ಇವಳು ಇನ್ನು ಸರಿಯಾಗಿ ತಟ್ಟುತ್ತಾಳೆ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನೀವು ತಪ್ಪು ತಿಳಿಯುತ್ತೀರಿ. ಗುರುಗಳು ಅಲ್ಲಿ ಏಳು ಎಂದದ್ದು ಯಾರಿಗೆ ಎಂದರೆ... ತಾಳಿ, ಕೆಳಗಿನಿಂದ ನನ್ನನ್ನು ಯಾರೋ ಕರೆಯುತ್ತಿದ್ದಾರೆ.