ಕರಗೋ ಪುಡಿ, ಬೆಳೆಯೋ ಪುಡಿ

ಒಂದಾನೊಂದು ಊರು. ಊರ ಹೆಸರು ಕೇಳಬೇಡಿ, ಯಾವ ಊರಲ್ಲಾದ್ರೂ ನಡೆಯೋ ಕತೆ ಇದು. ಅಲ್ಲಿ ಚೆಲುವಾಜಿ ಅಂತ ಒಬ್ಬ ಹುಡುಗಿ ಇದ್ಳಂತೆ. ಮೈಕೈ ತುಂಬಿಕೊಂಡ ಹುಡುಗಿ. ಕೆಸರಲ್ಲಿ ಹೂತ ಗಾಡಿ ಚಕ್ರಕ್ಕೆ ಹೆಗಲು ಕೊಟ್ಟು ಎತ್ತಿಬಿಡೋಳಂತೆ. ಬೇಟೆಗೆ ಬಂದಿದ್ದ ರಾಜನ ಮಗ ಅದನ್ನ ಕಣ್ಣಾರೆ ನೋಡಿ, ಮದುವೆ ಆದ್ರೆ ಇವಳನ್ನೇ ಅಂದನಂತೆ.

ಆ ರಾಜನ ಮನೇಲಿ ಒಂದು ವಾಡಿಕೆ. ಮದುವೆಗೆ ಮುಂಚೇನೇ ಹೆಣ್ಣಿನ ಮನೆಗೆ ಚಿನ್ನದ ಡಾಬು ಕಳಿಸ್ತಾರೆ. ಧಾರೆ ದಿನ ಹೆಣ್ಣು ಅದನ್ನ ಸೊಂಟಕ್ಕೆ ಕಟ್ಟಿಕೊಂಡೇ ಹಸೆಗೆ ಬರಬೇಕು. ಯಾವ ಕಾಲದ ಯಾವ ರಾಣಿಗೆ ಮಾಡಿಸಿದ್ದೋ, ಚೆಲುವಾಜಿಗೆ ನಾಲ್ಕು ಬೆರಳು ಸಾಲದೆ ಹೋಯ್ತಂತೆ. ಅವಳ ಅವ್ವ ಸಿದ್ದಾಜಮ್ಮ ಎದೆ ಬಡ್ಕೊಂಡ್ಳು. "ಬಂದ ಭಾಗ್ಯ ಬಾಗಿಲಿಂದಲೇ ವಾಪಸ್ ಹೋಗ್ತದಲ್ಲೇ. ನಿನ್ನ ಸೊಂಟಕ್ಕೆ ಏನು ಬಂತೇ."

ಸೊಂಟಕ್ಕೆ ಏನೂ ಬಂದಿರಲಿಲ್ಲ. ಅದು ಇದ್ದಂಗೇ ಇತ್ತು.

ಇಂಥ ಮನೆಗಳ ವಾಸನೆ ಹಿಡ್ಕೊಂಡು ಬರೋರು ಇರ್ತಾರಲ್ಲ, ಬಂದ ಒಬ್ಬ. ಕತ್ತೆ ಮೇಲೆ ಎರಡು ಚೀಲ. "ಎಡಗಡೇದು ಕರಗೋ ಪುಡಿ, ದಪ್ಪಗಿರೋರು ಬಳ್ಳಿ ಆಗ್ತೀರಿ. ಬಲಗಡೇದು ಬೆಳೆಯೋ ಪುಡಿ, ಬಡಕಲು ಇರೋರು ಪೈಲ್ವಾನ್ ಆಗ್ತೀರಿ" ಅಂತ ಕೂಗಿದನಂತೆ. ಸಿದ್ದಾಜಮ್ಮ ಎಡಗಡೆ ಪುಡಿ ಕೊಂಡ್ಳು. ಗರಡಿ ಮನೆ ಹುಡುಗರು ಬಲಗಡೇದಕ್ಕೆ ಮುಗಿಬಿದ್ರು.

ಚೆಲುವಾಜಿ ಬೆಳಿಗ್ಗೆ ತಿಂದ್ಳು, ಸಂಜೆ ತಿಂದ್ಳು. ಮುದ್ದೆ ಮುಟ್ಟಬೇಡ ಅಂದ ಪುಡಿಯವನು, ಮುಟ್ಟಲಿಲ್ಲ. ಹೊಟ್ಟೆ ಕಲಸಿ ಬೇಲಿ ಕಡೆಗೆ ಓಡಿದ್ರೆ "ಕೊಬ್ಬು ಹೋಗ್ತಾ ಅದೆ, ಒಳ್ಳೇದು" ಅಂದ. ಗರಡಿ ಹುಡುಗರೂ ಅದೇ ಬೇಲಿ ಹಿಂದೆ ಕೂತಿದ್ರು. ಅವರಿಗೆ "ಹಳೇ ಬಲ ಹೋದ್ರೇ ತಾನೆ ಹೊಸ ಬಲಕ್ಕೆ ಜಾಗ" ಅಂದ. ಎಂಥಾ ಬಾಯಿ ನೋಡಿ ಅವನದು. ಆ ಬಾಯಿಗೆ ಮಣ್ಣು ಬೀಳ.

ಡಾಬು ಎರಡು ಬೆರಳು ಹತ್ತಿರ ಬಂತು. ಅವ್ವ ಹಿಗ್ಗಿದ್ಳು. ಮಗಳ ಕಣ್ಣು ಗುಳಿ ಬಿದ್ದಿದ್ದು ಅವಳಿಗೆ ಕಾಣಲಿಲ್ಲ. ಗಾಡಿ ಎತ್ತುತಿದ್ದ ಹುಡುಗಿ ಒಂದಿನ ಬಾವಿ ಹತ್ರ ಒಂದು ಕೊಡ ಎತ್ತಲಾರದೆ ಕುಸಿದು ಕೂತ್ಳಂತೆ.

ಅಲ್ಲೇ ಮೇಯ್ತಿದ್ದ ಆ ಪುಡಿಯವನ ಕತ್ತೆ ಬಾಯಿ ಬಿಡ್ತಂತೆ. "ತಾಯಿ, ಎರಡು ಚೀಲಕ್ಕೂ ಅವನು ತುಂಬೋದು ಒಂದೇ ರಾಶಿಯಿಂದ. ಸೋನಾಮುಖಿ ಸೊಪ್ಪು, ಒಲೆ ಬೂದಿ. ಹೊಟ್ಟೆ ಕಟ್ಟಿದೋರು ಚಿಟಿಕೆ ತಗೊಳೋದನ್ನ ನಿನಗೆ ಹಿಡಿ ಹಿಡಿ ತಿನ್ನಿಸ್ತವ್ನೆ. ನೀನು ಕರಗ್ತಿಲ್ಲ ತಾಯಿ, ಒಣಗ್ತಾ ಇದ್ದೀಯ. ಹಿಂಗೇ ತಿಂತಾ ಹೋದ್ರೆ ಡಾಬು ಕೂರ್ತದೆ, ಕಟ್ಟಿಕೊಳ್ಳೋಕೆ ನೀನಿರಲ್ಲ."

ಚೆಲುವಾಜಿ ಎದ್ದಳು. ನೆಟ್ಟಗೆ ಅರಳಿಕಟ್ಟೆಗೆ ಹೋಗಿ, ಊರೋರ ಮುಂದೆ ಆ ಪುಡಿಯವನನ್ನ ಕೇಳಿದ್ಳಂತೆ. "ಎರಡು ಚೀಲದಿಂದಲೂ ಒಂದೊಂದು ಹಿಡಿ ನೀನೇ ತಿನ್ನಪ್ಪ. ಒಂದು ಕರಗಿಸ್ತದೆ, ಒಂದು ಬೆಳೆಸ್ತದೆ. ಇದ್ದಂಗೇ ಇರ್ತೀಯ, ನಿನಗೇನು ನಷ್ಟ?"

ಅವನು ತಲೆನೋವು ಅಂದ, ಉಪವಾಸ ಅಂದ. ಗರಡಿ ಹುಡುಗರು ಸುತ್ತ ನಿಂತ್ಕೊಂಡ್ರು. ತಿಂದ. ಹೊತ್ತು ನೆತ್ತಿಗೆ ಬರೋದ್ರೊಳಗೆ ಬೇಲಿ ಹಿಂದಕ್ಕೆ ಓಡಿದೋನು, ಹಂಗೇ ಊರೂ ಬಿಟ್ಟನಂತೆ. ಕತ್ತೆ ಅವನ ಹಿಂದೆ ಹೋಗಲಿಲ್ಲ.

ಧಾರೆ ದಿನ ಬಂತು. ಅಷ್ಟರಲ್ಲಿ ಚೆಲುವಾಜಿ ಮುದ್ದೆ ಉಂಡು ಉಂಡು ಮೊದಲಿನಂಗಾಗಿದ್ಳು. ಚೆಲುವಾಜಿ ಡಾಬನ್ನ ರಾಜನ ಮಗನ ಕೈಗೆ ಕೊಟ್ಟು, "ಇದು ನಂಗೆ ನಾಲ್ಕು ಬೆರಳು ಸಾಲದು. ನಾನಂತೂ ಕಮ್ಮಿ ಆಗಲ್ಲ" ಅಂದ್ಳಂತೆ.

"ಗಾಡಿ ಎತ್ತೋಳನ್ನ ಅಲ್ವಾ ನಾನು ಕೇಳಿದ್ದು" ಅಂದ ಅವನು. ಅಕ್ಕಸಾಲಿಗನನ್ನ ಕರೆಸಿದ. ಅಕ್ಕಸಾಲಿಗ ಬಂದು ಡಾಬಿಗೆ ನಾಲ್ಕು ಕೊಂಡಿ ಸೇರಿಸಿಕೊಟ್ಟ. ಎಲೆಅಡಿಕೆ ಹಾಕ್ಕೊಂಡು ಉಗಿಯೋಷ್ಟು ಹೊತ್ತಿನ ಕೆಲಸವಂತೆ.

ಅಷ್ಟೇ ಕಣ್ರಪ್ಪ. ಡಾಬು ದೊಡ್ಡದು ಮಾಡೋಕಾಗುತ್ತಾ ಅಂತ ಒಬ್ಬರಾದ್ರೂ ಕೇಳಿದ್ರಾ? ಇಲ್ಲ. ಹೆತ್ತವ್ವನೂ ಕೇಳಲಿಲ್ಲ. ನಾಲ್ಕು ಕೊಂಡಿಗೋಸ್ಕರ ಒಂದು ಹೆಣ್ಣುಮಗಳ ಪ್ರಾಣ ತೆಗೆಯೋಕೆ ಹೊರಟಿದ್ರು.

ಅವಳು ಅಲ್ಲಿ ರಾಣಿಯಾಗಿ ಎರಡು ಮುದ್ದೆ ಉಣ್ತವ್ಳೆ, ಕತ್ತೆ ಅವಳ ಹಿತ್ತಲಲ್ಲಿ ಮೇಯ್ತಾ ಅದೆ. ಏಳಿ, ನಮ್ಮ ಮುದ್ದೆನೂ ಆರಿಹೋಗ್ತದೆ.