ನೆಲ ಕಾಣದ ಹಿಮ್ಮಡಿ

ಪೂಜ್ಯ ಶ್ರೀ ಅಡವಯ್ಯಜ್ಜನವರಿಗೆ ಮಠವೆಂಬುದು ಇರಲಿಲ್ಲ. ಸುಣ್ಣದಗುಡ್ಡದ ಬುಡದಲ್ಲಿ, ದಾರಿಹೋಕರು ನೀರು ಕುಡಿಯಲು ನಿಲ್ಲುವ ಬಾವಿಯ ಪಕ್ಕದಲ್ಲಿ, ಒಂದೇ ಕೋಣೆಯ ಮಣ್ಣಿನ ಮನೆ. ಗದ್ದುಗೆಯಿಲ್ಲ, ಪಲ್ಲಕ್ಕಿಯಿಲ್ಲ. ಇದ್ದುದು ಒಂದು ಕಂಬಳಿ, ಒಂದು ತಂಬಿಗೆ, ಮತ್ತು ಪಡಸಾಲೆಯಲ್ಲಿ ಚರ್ಮ ಬಡಿಯುವ ಸಪಾಟಾದ ಕಲ್ಲು. ದರ್ಶನಕ್ಕೆ ಬಂದವರ ಚಪ್ಪಲಿಯ ಅಡಿಯ ಅಟ್ಟೆ ಸವೆದಿದ್ದರೆ ಅಜ್ಜನವರು ತಾವೇ ಅದನ್ನು ಬಿಚ್ಚಿ ಹೊಸದನ್ನು ಹೊಲಿದುಕೊಡುತ್ತಿದ್ದರು. ಬಿಚ್ಚಿದ ಹಳೆಯ ಅಟ್ಟೆಯನ್ನು ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಏಕೆಂದು ಕೇಳಿದರೆ, “ಇಷ್ಟು ದಾರಿ ಹೊತ್ತು ತಂದೈತಲ್ಲೋ” ಎಂದಷ್ಟೇ ಹೇಳುತ್ತಿದ್ದರು.

ಈ ಸುದ್ದಿ ಕೆಂಪಹಾಳದ ಪರಸಪ್ಪನ ಕಿವಿಗೆ ಬಿದ್ದಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು. ಪರಸಪ್ಪ ಸುತ್ತಿನ ಏಳು ಹಳ್ಳಿಗಳಿಗೆ ಚಪ್ಪಲಿ ಮಾಡುವ ಕಸುಬುದಾರ. ಮಾಡಿದ ಜೋಡನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಮುಳ್ಳು ನೆಟ್ಟಗೆ ನಿಂತರೆ ಮಾತ್ರ ಗಿರಾಕಿಯ ಕಾಲಿಗೆ ಕೊಡುವುದು ಅವನಪ್ಪ ಕಲಿಸಿದ ರೀತಿ. ಹೆಚ್ಚುಕಡಿಮೆಯಾದ ಜೋಡು ಹೊಸ್ತಿಲು ದಾಟಿದರೆ ಕಸುಬು ಮುನಿಯುತ್ತದೆ ಎಂದು ಆ ಮನೆಯ ನಂಬಿಕೆ. ಎಷ್ಟೋ ಮಠಗಳ ಬಾಗಿಲ ಹೊರಗೆ ಬಿಟ್ಟ ಪಾದರಕ್ಷೆಗಳೆಲ್ಲ ಅವನ ಕೈಯವೇ. ಅವನನ್ನು ಒಳಗೆ ಕರೆದವರು ಮಾತ್ರ ಒಬ್ಬರೂ ಇರಲಿಲ್ಲ. ಅಜ್ಜ ಕೆರ ಮುಟ್ಟಿದರೆ ಜನ ಕೈಮುಗಿಯುತ್ತಾರಂತೆ, ಪರಸಪ್ಪ ಮುಟ್ಟಿದರೆ ಕೈ ತೊಳೆಯುತ್ತಾರೆ. ಸಿಟ್ಟು ಬರುವುದು ಸಹಜವೇ. “ಹೋಗಿ ಆ ಹೊಲಿಗಿ ನೋಡೇ ಬರ್ತೇನಿ” ಎಂದು ಹೊರಟುನಿಂತ.

ಮಗಳು ರೇಣವ್ವ ತಾನೂ ಬರುತ್ತೇನೆಂದಳು. ಅವಳಿಗೆ ಅಜ್ಜನವರಲ್ಲಿ ಹೇಳಿಕೊಳ್ಳುವ ಮಾತಿತ್ತು. ಕಲಿತ ಹುಡುಗಿ, ಹಳ್ಳದಾಚೆಯ ಗೋಡಿಹಾಳದ ಶಾಲೆಗೆ ಶಿಕ್ಷಕಿಯಾಗಿ ನೇಮಕದ ಆರ್ಡರು ಬಂದಿತ್ತು. ಬರುವ ಸೋಮವಾರ ಹಾಜರಾಗದಿದ್ದರೆ ಜಾಗ ಇನ್ನೊಬ್ಬರ ಪಾಲು. ಆದರೆ ಗೋಡಿಹಾಳ ಒಂದು ಹರದಾರಿ ದೂರ, ಗಾಡಿ ಹೋಗುವ ದಾರಿಯಲ್ಲ, ಮತ್ತು ರೇಣವ್ವ ಅರ್ಧ ದಾರಿಯ ಬನ್ನಿಗಿಡ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕುಳಿತುಬಿಡುತ್ತಿದ್ದಳು. ಮೂರನೆಯ ವರ್ಷಕ್ಕೆ ಬಂದ ಜ್ವರ ಅವಳ ಎಡಗಾಲನ್ನು ಪೂರ್ತಿ ಬೆಳೆಯಗೊಟ್ಟಿರಲಿಲ್ಲ. “ನೌಕರಿ ಬ್ಯಾಡ, ಗೀಕರಿ ಬ್ಯಾಡ, ಮನ್ಯಾಗ ಇರು” ಎಂದು ಅಪ್ಪ ಹಟ ಹಿಡಿದಿದ್ದ.

ಅವಳ ಕಾಲಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಪರಸಪ್ಪನ ಪ್ರೀತಿ ಇದ್ದುದೆಲ್ಲ ಅವಳ ಚಪ್ಪಲಿಯಲ್ಲಿ. ಆರು ತಿಂಗಳಿಗೊಮ್ಮೆ ಮನೆಯಲ್ಲೇ ಕೂತು, ಇದ್ದುದರಲ್ಲಿ ಹದವಾದ ಚರ್ಮ ತೆಗೆದು, ಎರಡಕ್ಕೂ ಒಂದೇ ದಪ್ಪದ ಹೊಸ ಅಟ್ಟೆ ಹಾಕಿ, ಎರಡೆರಡು ಸಲ ತೂಗಿ ಕೊಡುತ್ತಿದ್ದ. ಬಿಚ್ಚಿದ ಹಳೆಯವನ್ನು ಮಾತ್ರ ತಿರುವಿಯೂ ನೋಡದೆ ತಿಪ್ಪೆಗೆ ಎಸೆಯುತ್ತಿದ್ದ. ಅತ್ತ ನೋಡುವ ಧೈರ್ಯ ಅವನಿಗೆ ಇರಲಿಲ್ಲವೆಂದೇ ಹೇಳಬೇಕು.

ನೆರೆಯವರ ಚಕ್ಕಡಿಯಲ್ಲಿ ತಂದೆ ಮಗಳು ಗುಡ್ಡದ ಬುಡ ತಲುಪಿದಾಗ ಅಜ್ಜನವರು ಪಡಸಾಲೆಯಲ್ಲಿ ಕುಳಿತು ಯಾರದೋ ಚಪ್ಪಲಿಗೆ ದಬ್ಬಣ ಹಾಕುತ್ತಿದ್ದರು. ಪರಸಪ್ಪ ಶರಣೆನ್ನಲೂ ಇಲ್ಲ. ತನ್ನ ಹೆಸರಷ್ಟೇ ಹೇಳಿ ಅಂಗಳದಲ್ಲೇ ನಿಂತು, ಹೊಲಿದಿಟ್ಟ ಇನ್ನೊಂದು ಚಪ್ಪಲಿಯನ್ನು ಎತ್ತಿ ನೋಡಿ, “ಹೊಲಿಗಿ ಸೊಟ್ಟ ಆಗ್ಯಾವ್ರಿ ಅಜ್ಜಾರ. ಎಮ್ಮಿ ನಡದ ಹಾದಿ ಕಂಡಂಗ ಕಾಣ್ತಾವ” ಎಂದ.

ಅಲ್ಲಿದ್ದ ಭಕ್ತರು ಅವನನ್ನು ಗದರಿಸಲು ಎದ್ದರು. ಅಜ್ಜನವರು ಮಾತ್ರ ನಕ್ಕರು. “ಖರೇನಪಾ. ನನ್ನ ಕೈ ಇರೂದ ಅಷ್ಟ. ಬಾ, ಕಲಿಸು” ಎಂದು ತಾವು ಕುಳಿತ ಕಂಬಳಿಯಲ್ಲಿ ಸರಿದು ಅರ್ಧ ಜಾಗ ಬಿಟ್ಟರು.

ಜಗಳಕ್ಕೆಂದು ಬಂದವನಿಗೆ ಈಗ ಜಗಳವೇ ಸಿಗಲಿಲ್ಲ. ಅವನು ಹಿಂದೆ ಮುಂದೆ ನೋಡಿದ. ಅಜ್ಜನವರು ದಬ್ಬಣ ಚಾಚಿಕೊಂಡೇ ಇದ್ದರು. ಕೊನೆಗೆ ಪಡಸಾಲೆ ಹತ್ತಿ ಕಂಬಳಿಯ ಅಂಚಿನ ಮೇಲೆ ಕೂತ. ದಬ್ಬಣ ಕೈಗೆ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಸಾಲು ಹೊಲಿದು ತೋರಿಸಿದ. ಅಜ್ಜನವರು ಹೊಸದಾಗಿ ಶಾಲೆಗೆ ಬಂದ ಮಗುವಿನಂತೆ ಬಗ್ಗಿ ನೋಡಿದರು, “ಭೇಷ್” ಎಂದರು. ನಲವತ್ತು ವರ್ಷದ ಕಸುಬಿನಲ್ಲಿ ಯಾರೂ ಪರಸಪ್ಪನ ಪಕ್ಕ ಕೂತು ಅವನ ಕೆಲಸ ನೋಡಿರಲಿಲ್ಲ. ಅವನು ಕೇಳದೆಯೇ ಇನ್ನೊಂದು ಸಾಲು ಹೊಲಿದ.

ಅಷ್ಟರಲ್ಲಿ ಅಜ್ಜನವರ ದೃಷ್ಟಿ ಮೆಟ್ಟಿಲ ಬಳಿ ರೇಣವ್ವ ಬಿಟ್ಟ ಚಪ್ಪಲಿಗಳ ಮೇಲೆ ಬಿದ್ದಿತು. ತಾವೇ ಎದ್ದು ಹೋಗಿ ಎರಡನ್ನೂ ತಂದು ತೊಡೆಯ ಮೇಲೆ ಇಟ್ಟುಕೊಂಡರು. “ಬ್ಯಾಡ್ರಿ ಅಜ್ಜಾರ” ಎಂದು ಅವಳು ನಾಚಿ ಮುದುಡಿದಳು. ಅಜ್ಜನವರು ಚಪ್ಪಲಿಗಳನ್ನು ಬೋರಲು ಹಾಕಿ ಬಹಳ ಹೊತ್ತು ನೋಡಿದರು. ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಡಗಾಲಿನದನ್ನು ಪರಸಪ್ಪನ ಮುಂದೆ ಹಿಡಿದು ನುಡಿದರು:

“ಪರಸಪ್ಪಾ, ಈ ಹಿಮ್ಮಡಿ ಇನ್ನೂ ನೆಲಾ ಕಂಡಿಲ್ಲ.”

ನೋಡಿದ. ನೋಡದೆ ವಿಧಿಯಿರಲಿಲ್ಲ. ಬೆರಳುಗಳ ಕಡೆ ಅಟ್ಟೆ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಹಿಮ್ಮಡಿಯ ಕಡೆ ಆರು ತಿಂಗಳ ಹಿಂದಿನ ತನ್ನದೇ ಸುತ್ತಿಗೆಯ ಗುರುತು ಇನ್ನೂ ಅಳಿಸಿರಲಿಲ್ಲ. ಮಗಳು ಅಷ್ಟೂ ದಿನ ಎಡಗಾಲ ತುದಿಬೆರಳ ಮೇಲೆ ನಡೆದಿದ್ದಳು. ಬಲಗಾಲಿನದು ನೋಡಿದರೆ ಹಿಮ್ಮಡಿಯೇ ಓರೆಯಾಗಿ ಸವೆದಿತ್ತು.

“ಜ್ವಾಡು ಸಮ ಐತ್ರಿ,” ಎಂದ ಪರಸಪ್ಪ. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ. “ಬೇಕಾದ್ರ ತೂಗಿ ನೋಡ್ರಿ. ಗುಂಜಿ ತೂಕ ಹೆಚ್ಚುಕಡಿಮಿ ಇಲ್ಲ.”

“ಇವನ್ನ ಯಾರಿಗೆ ಮಾಡೀಯಪಾ? ತಕ್ಕಡಿಗೋ, ಮಗಳಿಗೋ?”

ಉತ್ತರ ಕೊಟ್ಟವಳು ರೇಣವ್ವ. “ಅಪ್ಪಾ, ನನ್ನ ಎಡಗಾಲು ಗಿಡ್ಡ ಐತಿ. ಇದನ್ನ ಬಾಯಿಬಿಟ್ಟು ಅಂದ್ರ ನಿನಗ ತ್ರಾಸ ಆಕ್ಕೈತಂತ ಹದಿನೆಂಟು ವರ್ಷ ಸುಮ್ಮನಿದ್ದೆ.” ಪರಸಪ್ಪ ಮಗಳ ಆ ಚಪ್ಪಲಿಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ.

ಮನೆಗೆ ಬಂದವನೇ ಕಲ್ಲಿನ ಮುಂದೆ ಕೂತ. ಮಗಳನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಅವಳ ಎಡ ಹಿಮ್ಮಡಿಯ ಕೆಳಗೆ ಒಂದೊಂದೇ ಚರ್ಮದ ತುಂಡು ಸೇರಿಸುತ್ತ ಹೋದ. ಐದನೆಯ ತುಂಡಿಗೆ ಅವಳ ಎರಡು ಭುಜಗಳು ಒಂದೇ ಗೆರೆಗೆ ಬಂದವು. ಆ ಐದನ್ನೂ ಅಂಟಿಸಿ, ಬಡಿದು, ಮುಂಭಾಗಕ್ಕೆ ಇಳಿಜಾರಾಗಿ ಕೊಯ್ದು, ಸುತ್ತಲೂ ಹೊಲಿದ. ಅವನಪ್ಪನ ಕಾಲದಿಂದ ಆ ಮನೆಯಲ್ಲಿ ಇಂಥ ಒಂದು ಜೋಡು ಹುಟ್ಟಿರಲಿಲ್ಲ. ಒಂದು ತೆಳ್ಳಗೆ, ಒಂದು ದಪ್ಪ. ಮೊಳೆಗೆ ತೂಗುಹಾಕಿದ್ದ ತಕ್ಕಡಿಯತ್ತ ಒಮ್ಮೆ ನೋಡಿದ, ಇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ರೇಣವ್ವ ಗೋಡಿಹಾಳದ ದಾರಿ ಹಿಡಿದಳು. ಪರಸಪ್ಪ ಇಪ್ಪತ್ತು ಹೆಜ್ಜೆ ಹಿಂದೆ ನಡೆದ. ಕೂತರೆ ಹೊತ್ತು ತರಬೇಕೆಂದು ಅವನ ಲೆಕ್ಕ. ಹಳ್ಳ ದಾಟಿದಳು. ಬನ್ನಿಗಿಡ ಬಂತು. ಅವನು ಹೊತ್ತುಕೊಳ್ಳಲೆಂದು ಹೆಜ್ಜೆ ಜೋರು ಮಾಡಿದ. ರೇಣವ್ವ ಗಿಡಕ್ಕೆ ಕೈ ಮುಗಿದು ಮುಂದೆ ನಡೆದಳು!

ಆಗ ಅವನು ತಲೆ ತಗ್ಗಿಸಿ ದಾರಿ ನೋಡಿದ. ಕೆಂಪು ಹುಡಿಮಣ್ಣಿನಲ್ಲಿ ಮಗಳ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ಬಲ ಹಿಮ್ಮಡಿ ಎಷ್ಟು ಆಳವೋ ಎಡ ಹಿಮ್ಮಡಿಯೂ ಅಷ್ಟೇ ಆಳ. ತನ್ನ ಜೀವಮಾನದಲ್ಲಿ ಎಷ್ಟೋ ಜೋಡು ತೂಗಿದ್ದ ಪರಸಪ್ಪ, ಇಷ್ಟು ಸಮನಾದ ಜೋಡನ್ನು ಕಂಡದ್ದು ಅದೇ ಮೊದಲು. ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು ಆ ಗುರುತುಗಳನ್ನು ಮುಟ್ಟಿದ. ಎದುರಿಗೆ ಬಂದ ಕುರುಬರು, “ಯಾಕೋ ಪರಸಪ್ಪ, ಏನ ಕಳಕೊಂಡಿ?” ಎಂದರು. “ಕಳಕೊಂಡಿಲ್ಲಪಾ, ಸಿಕ್ಕೈತಿ” ಎಂದು ನಗುತ್ತಲೇ ಎದ್ದು ಓಡಿದ. ಅವನು ಶಾಲೆ ಮುಟ್ಟುವಷ್ಟರಲ್ಲಿ ಮಗಳು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಮಕ್ಕಳ ಮುಂದೆ ನೆಟ್ಟಗೆ ನಿಂತಿದ್ದಳು.

ಅಂದಿನಿಂದ ಪರಸಪ್ಪ ಪ್ರತಿ ಅಮಾವಾಸ್ಯೆ ಸುಣ್ಣದಗುಡ್ಡಕ್ಕೆ ಹೋಗಿ ಅಜ್ಜನವರ ಕಂಬಳಿಯ ಅರ್ಧದಲ್ಲಿ ಕೂತು ಬಂದವರ ಅಟ್ಟೆ ಹೊಲಿಯುತ್ತಿದ್ದ. ಅಜ್ಜನವರ ಹೊಲಿಗೆ ಕಡೆಯವರೆಗೂ ಸೊಟ್ಟವಾಗಿಯೇ ಉಳಿಯಿತೆಂದು ಹಿರಿಯರು ಹೇಳುತ್ತಾರೆ. ಗುರುವಿಗೆ ಕಲಿಸುವುದು ಅಷ್ಟು ಸುಲಭವೇ?

ಆರು ತಿಂಗಳಾದ ಮೇಲೆ ರೇಣವ್ವನ ಚಪ್ಪಲಿಗೆ ಮತ್ತೆ ಅಟ್ಟೆ ಬದಲಿಸುವ ಕಾಲ ಬಂತು. ಪರಸಪ್ಪ ಹಳೆಯವನ್ನು ಈ ಸಲ ತಿಪ್ಪೆಗೆ ಎಸೆಯಲಿಲ್ಲ. ಕಣ್ಣಿಗೊತ್ತಿಕೊಂಡು, ಒಗೆದ ಧೋತರದ ತುಂಡಿನಲ್ಲಿ ಸುತ್ತಿ, ಅಜ್ಜನವರ ಪಾದದ ಬಳಿ ಬಿಚ್ಚಿಟ್ಟ. ಅಜ್ಜನವರು ಎಡಗಾಲಿನ ಅಟ್ಟೆಯನ್ನು ಎತ್ತಿ ತಿರುವಿದರು. ಹಿಮ್ಮಡಿ ಚೆನ್ನಾಗಿ ಸವೆದಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿ ಪರಸಪ್ಪನ ಮುಖ ನೋಡಿದರು.

“ಈಗ ನೆಲಾ ಕಂಡೈತಿ” ಎಂದರು.