ಮೂರು ಗಿಡ್ಡ, ಒಂದು ಉದ್ದ

ಅಜ್ಜಯ್ಯನ ವನಕ್ಕೆ ಬೇಲಿ ಇರಲಿಲ್ಲ. ಮುಕ್ತಾಳ ಸೀಟಿ ಇತ್ತು.

ಆಶ್ರಮದ ಹಿಂದಿನಿಂದ ಹೊಳೆಯವರೆಗೂ ಹಬ್ಬಿದ್ದ ವನ ಅದು. ಒಂದು ಕಾಲಕ್ಕೆ ಊರಿನ ಕಸ ಸುರಿಯುತ್ತಿದ್ದ ಜಾಗ. ಆಶ್ರಮದ ಗುರು ಅಜ್ಜಯ್ಯ ಅಲ್ಲಿ ಮೊದಲ ಹೊಂಗೆ ಸಸಿ ನೆಟ್ಟ ಮೇಲೆ ಊರಿನವರು ಒಬ್ಬೊಬ್ಬರಾಗಿ ಕೈಹಾಕಿದರು.

ಭಾನುವಾರ ಬೆಳಿಗ್ಗೆ ಬರುತ್ತಿದ್ದರು. ಕಳೆ ಕೀಳುತ್ತಿದ್ದರು, ಸಸಿಗಳಿಗೆ ನೀರು ಹೊರುತ್ತಿದ್ದರು. ಆಮೇಲೆ ನೆರಳಲ್ಲಿ ಕೂತು ಮಂಡಕ್ಕಿ ತಿಂದು, ಹಕ್ಕಿ ನೋಡಿ, ಹರಟೆ ಹೊಡೆದು ಮನೆಗೆ ಹೋಗುತ್ತಿದ್ದರು. ಬನ್ನಿ ಅಂತ ಯಾರೂ ಕರೆದಿರಲಿಲ್ಲ.

ಎರಡು ವರ್ಷದ ಹಿಂದೆ ಅಜ್ಜಯ್ಯ ವನವನ್ನು ಶಿಷ್ಯೆ ಮುಕ್ತಾಳಿಗೆ ಒಪ್ಪಿಸಿದರು. “ನೋಡಿಕೊ” ಅಂದರು. ಅಷ್ಟೇ.

ಮುಕ್ತಾಳದು ಸಣ್ಣ ದನಿ. ಮೊದಲ ವಾರವೇ ಯಾರೋ ಹಲ್ಲುಜ್ಜಲು ಬೇವಿನ ಟೊಂಗೆ ಮುರಿದ. “ಮುರೀಬೇಡಿ” ಅಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಟೊಂಗೆ ಮುರಿದ. ಮುಕ್ತಾ ಪೇಟೆಗೆ ಹೋಗಿ ಸೀಟಿ ತಂದಳು.

ಮೊದಮೊದಲು ಟೊಂಗೆ ಮುರಿದವರಿಗೆ ಊದಿದಳು. ಆಮೇಲೆ ನೆಲ್ಲಿಕಾಯಿ ಕಿತ್ತವರಿಗೆ. ಆಮೇಲೆ ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವರಿಗೆ. ಆರು ತಿಂಗಳು ಕಳೆಯುವಷ್ಟರಲ್ಲಿ, ಜೋರಾಗಿ ನಕ್ಕವರಿಗೂ.

ಪಿರ್, ಪಿರ್, ಪಿರ್, ಪೀಈಈ. ಮೂರು ಗಿಡ್ಡ, ಒಂದು ಉದ್ದ.

ಒಂದು ಭಾನುವಾರ ಹೂ ಮಾರುವ ಓಬಳಮ್ಮ ಹೊಂಗೆ ಮರದ ಬುಡದಲ್ಲಿ ಮಂಡಕ್ಕಿ ಪೊಟ್ಟಣ ಬಿಚ್ಚಿ, ಟೈಲರ್ ಖಾದರ್ ಸಾಬರ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಸೀಟಿ ಮೊಳಗಿತು.

“ಇದು ಸಂತೆಯಲ್ಲ” ಅಂದಳು ಮುಕ್ತಾ.

“ಸಂತೇಲಿ ನಮ್ಮನ್ನ ಯಾರೂ ಹಿಂಗೆ ಬೆದರ್ಸಲ್ಲ ಕಣವ್ವ” ಅಂದಳು ಓಬಳಮ್ಮ.

ಖಾದರ್ ಸಾಬರು ಕೈಯೆತ್ತಿ ಕೇಳಿದರು. “ಮುಕ್ತಕ್ಕಾ, ಉಸಿರಾಡಬೌದಾ? ಇಲ್ಲಾ ಅದಕ್ಕೂ ಒಂದು ಸೀಟಿ ಐತಾ?”

ಎಲ್ಲರೂ ನಕ್ಕರು. ಮುಕ್ತಾ ನಗಲಿಲ್ಲ. ಮತ್ತೊಮ್ಮೆ ಊದಿದಳು. ಅವರು ಪೊಟ್ಟಣ ಮಡಿಸಿಕೊಂಡು ಎದ್ದರು.

ಮಧ್ಯಾಹ್ನ ಅಜ್ಜಯ್ಯನ ಮುಂದೆ ನಿಂತಾಗಲೂ ಅವಳ ಕಿವಿ ಕೆಂಪಗೇ ಇತ್ತು.

“ಇವರು ಸೇವೆಗೆ ಬರೋರಲ್ಲ ಅಜ್ಜಯ್ಯ. ಮಜಾ ಮಾಡೋಕೆ ಬರ್ತಾರೆ.”

ಅಜ್ಜಯ್ಯ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು. “ಇವತ್ತು ವನದಲ್ಲಿ ಏನೇನು ನೋಡಿದೆ?”

“ಇಬ್ಬರು ದಾರಿ ಬಿಟ್ಟು ನಡೆದರು. ಒಬ್ಬ ನೆಲ್ಲಿಕಾಯಿ ಕಿತ್ತ. ಎರಡು ಕಡೆ ಪ್ಲಾಸ್ಟಿಕ್ ಕವರು. ಒಬ್ಬಳು ಕೆಸರಿನ ಕೈಯನ್ನ ಮರಕ್ಕೆ ಒರೆಸಿದಳು.”

“ವನದಲ್ಲಿ ಏನು ನೋಡಿದೆ ಅಂತ ಕೇಳಿದೆ.”

ಮುಕ್ತಾಳಿಗೆ ಆ ಪ್ರಶ್ನೆಗೂ ಸಿಟ್ಟು ಬಂತು. ಅಜ್ಜಯ್ಯ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟು, ಮೊರ ಕೊಡವಿದರು.

ನಲವತ್ತು ಜನ ಬರುತ್ತಿದ್ದ ಕಡೆ ಹೋದ ವರ್ಷ ಇಪ್ಪತ್ತೆರಡು ಜನ ಬಂದಿದ್ದರು. ಈ ವರ್ಷ ಒಂಬತ್ತು.

ಅಷ್ಟರಲ್ಲಿ ಹೊಂಡದ ಕೆಲಸ ಎದುರಿಗೆ ಬಂದು ನಿಂತಿತು. ವನದ ನಡುವೆ ಒಂದು ಹೊಂಡವಿದೆ. ರೋಹಿಣಿ ಮಳೆ ಶುರುವಾಗುವುದರೊಳಗೆ ಅದರ ಹೂಳು ಎತ್ತಬೇಕು. ಎತ್ತದಿದ್ದರೆ ಮಳೆನೀರು ನಿಲ್ಲುವುದಿಲ್ಲ, ಬೇಸಿಗೆಗೆ ಸಸಿಗಳಿಗೆ ನೀರಿಲ್ಲ.

ಹೋದ ವರ್ಷ ಜನ ಸಾಲದೆ ಅರ್ಧ ಹೂಳು ಹಾಗೇ ಉಳಿದಿತ್ತು. ಶಿವರಾತ್ರಿಗೇ ಹೊಂಡ ಒಣಗಿ, ಮುನ್ನೂರು ಸಸಿ ಸುಟ್ಟುಹೋದವು. ಮುಕ್ತಾ ಒಂದೊಂದನ್ನೂ ತನ್ನ ಕೈಯಾರೆ ಕಿತ್ತು ಗುಡ್ಡೆ ಹಾಕಿದ್ದಳು. ಅತ್ತಿರಲಿಲ್ಲ. ಅವತ್ತಿನಿಂದ ಸೀಟಿಯ ಸದ್ದು ಇನ್ನೂ ಚೂಪಾಗಿತ್ತು.

“ಇನ್ನು ಮೂರು ಭಾನುವಾರ ಇದೆ” ಅಂದರು ಅಜ್ಜಯ್ಯ.

“ಒಂಬತ್ತೇ ಜನ ಅಜ್ಜಯ್ಯ.”

“ಎಣಿಸಿದ್ದೇನೆ.”

ಆ ಭಾನುವಾರ ಒಂಬತ್ತೂ ಜನ ಹೊಂಡಕ್ಕಿಳಿದರು. ಮಾತಿಲ್ಲ, ನಗುವಿಲ್ಲ. ಬುಟ್ಟಿ ತುಂಬುವುದು, ಕೈಯಿಂದ ಕೈಗೆ ದಾಟಿಸುವುದು, ದಂಡೆಯ ಮೇಲೆ ಸುರಿಯುವುದು. ಒಂದು ಗುದ್ದಲಿಯ ಕಾವು ಮುರಿಯಿತು. ಇನ್ನೊಂದು ತರಲು ಮುಕ್ತಾ ಆಶ್ರಮದ ಉಗ್ರಾಣಕ್ಕೆ ಹೋದಳು.

ತಿರುಗಿ ಬಂದಾಗ ಅವರೆಲ್ಲ ಕೈಕಾಲು ತೊಳೆಯುತ್ತಿದ್ದರು.

“ಏನಾಯ್ತು?”

“ಏನಾಯ್ತಾ?” ಓಬಳಮ್ಮ ಬುಟ್ಟಿಯನ್ನು ದಡಕ್ಕನೆ ಕವುಚಿ ಹಾಕಿದಳು. “ಬಗ್ಗಿದ್ರೂ ಸೀಟಿ, ಎದ್ರೂ ಸೀಟಿ. ಅಲ್ಲಿ ಪೊದೆ ಮರೇಲಿ ನಿಂತ್ಕಂಡು ಊದ್ತೀಯಲ್ಲವ್ವ, ನಾವೇನು ಕದಿಯಾಕೆ ಬಂದಿದ್ವಾ? ಹೂಳನ್ನ?”

“ನಾನು ಊದಲಿಲ್ಲ!”

“ನಿಮ್ಮ ಸೀಟಿ ನಮಗೆ ಗೊತ್ತಾಗಲ್ವೇನಕ್ಕ?” ಅಂದರು ಖಾದರ್ ಸಾಬರು. ಈ ಸಲ ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. “ಮೂರು ಗಿಡ್ಡ, ಒಂದು ಉದ್ದ. ಮೂರು ಸಲ ಊದಿದ್ರಿ.”

“ಖಾದರಣ್ಣ, ನಾನು ಉಗ್ರಾಣದಲ್ಲಿದ್ದೆ.”

“ಸುಳ್ಳು ಬೇರೆ” ಅಂದಳು ಓಬಳಮ್ಮ. ಸೆರಗಲ್ಲಿ ಮುಖ ಒರೆಸಿಕೊಂಡು ಹೊರಟಳು. ಉಳಿದವರೂ ಹೊರಟರು.

ಖಾಲಿ ಹೊಂಡದ ಪಕ್ಕ ಮುಕ್ತಾ ಗುದ್ದಲಿ ಹಿಡಿದು ನಿಂತಳು. ಯಾರೋ ಅವಳನ್ನು ಅಣಕಿಸುತ್ತಿದ್ದಾರೆ. ಅವಳದೇ ತರದ ಸೀಟಿ ಹಿಡಿದು, ಅವಳದೇ ವನದಲ್ಲಿ.

ಮಾರನೆಯ ದಿನದಿಂದ ಹುಡುಕಲು ಶುರುಮಾಡಿದಳು. ಬೆಳಿಗ್ಗೆ ಹೊಳೆಯ ಕಡೆಯಿಂದ ಸೀಟಿ ಕೇಳಿಸಿತು. ಓಡಿದಳು. ಯಾರೂ ಇಲ್ಲ. ಮಂಗಳವಾರ ಬಿದಿರು ಮೆಳೆಯ ಹತ್ತಿರ ಕೇಳಿಸಿತು. ಮುಳ್ಳು ತರಚಿದರೂ ನುಗ್ಗಿದಳು. ಯಾರೂ ಇಲ್ಲ. ಬುಧವಾರ ಅಡಗಿ ಕೂತಳು, ಊಟಕ್ಕೂ ಏಳಲಿಲ್ಲ. ಸಿಕ್ಕಿದರೆ ಏನೇನು ಬೈಯಬೇಕೆಂದು ಸಾಲುಸಾಲಾಗಿ ಜೋಡಿಸಿಟ್ಟುಕೊಂಡಳು.

ಗುರುವಾರ ಸೀಟಿ ಅವಳ ನೆತ್ತಿಯ ಮೇಲೇ ಮೊಳಗಿತು.

ತಲೆಯೆತ್ತಿದಳು. ಮತ್ತಿಮರದ ಟೊಂಗೆಯ ಮೇಲೆ ಒಂದು ಭೀಮರಾಜ ಕೂತಿತ್ತು. ಕಪ್ಪಗೆ ಮಿರುಗುವ ಮೈ, ಬಾಲದಿಂದ ಇಳಿಬಿದ್ದ ಎರಡು ಉದ್ದನೆಯ ಗರಿ. ಕೇಳಿದ ಸದ್ದನ್ನೆಲ್ಲ ಹಾಗೆಹಾಗೇ ಒಪ್ಪಿಸುವ ಹಕ್ಕಿ. ಅದು ಮೊದಲು ಗಿಡುಗನ ಹಾಗೆ ಕೂಗಿತು. ಅಳಿಲಿನ ಹಾಗೆ ಚಿಟಿಚಿಟಿಗುಟ್ಟಿತು. ಆಮೇಲೆ ಕತ್ತು ಚಾಚಿತು.

ಪಿರ್, ಪಿರ್, ಪಿರ್, ಪೀಈಈ.

ಮುಕ್ತಾಳ ಕಣ್ಣು ಕತ್ತಲಿಟ್ಟಿತು. ಬಗ್ಗಿ ಕೈಗೆ ಸಿಕ್ಕ ಕಲ್ಲು ತೆಗೆದು ಬೀಸಿ ಎಸೆದಳು. ಹಕ್ಕಿ ಹಾರಿತು. ಕಲ್ಲು ಕಾಂಡಕ್ಕೆ ಬಡಿದು, ಸಿಡಿದು, ಈ ವರ್ಷ ನೆಟ್ಟ ನೇರಳೆ ಸಸಿಯ ಕುಡಿ ಮುರಿದು ಕೆಳಗೆ ಬಿತ್ತು.

ಸಸಿಯ ಆಚೆ ಅಜ್ಜಯ್ಯ ಕೂತಿದ್ದರು. ಯಾವಾಗಿನಿಂದ ಕೂತಿದ್ದರೋ.

ಅವರು ಎದ್ದು ಬಂದರು. ಅವಳ ಕೊರಳಿನಿಂದ ಸೀಟಿ ತೆಗೆದುಕೊಂಡರು. ಬಾಯಿಗಿಟ್ಟು, ಅವಳ ಮುಖಕ್ಕೆ ನೇರವಾಗಿ ಊದಿದರು. ಮೂರು ಗಿಡ್ಡ, ಒಂದು ಉದ್ದ.

ಮುಕ್ತಾ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಎರಡು ವರ್ಷ ಊದಿದ್ದಳು. ಎದುರಿಗೆ ನಿಂತು ಕೇಳಿದ್ದು ಇದೇ ಮೊದಲು.

“ಏನನ್ನಿಸಿತು?” ಅಂದರು ಅಜ್ಜಯ್ಯ.

“ಸಿಟ್ಟು ಬಂತು.”

“ಯಾರ ಮೇಲೆ?”

“ನಿಮ್ಮ ಮೇಲೆ.”

“ಕಲ್ಲು ಎಸೆದವಳು ನೀನು.”

ಮುಕ್ತಾ ಮುರಿದ ಕುಡಿಯನ್ನು ನೋಡಿದಳು. ಆದರೂ ವಾದ ಬಿಡಲಿಲ್ಲ.

“ನಾನು ಊದಿದ್ದು ಯಾರಿಗೋಸ್ಕರ ಅಜ್ಜಯ್ಯ? ಈ ವನಕ್ಕೋಸ್ಕರ. ಅವರು ಮುರಿದದ್ದು ನಿಜ ಅಲ್ವಾ? ಕಸ ಹಾಕಿದ್ದು ನಿಜ ಅಲ್ವಾ?”

“ನಿಜ.”

“ಮತ್ತೆ ಈ ಹಕ್ಕಿ? ಇಷ್ಟು ಸದ್ದಿರೋ ಕಾಡಲ್ಲಿ ಅದಕ್ಕೆ ನನ್ನ ಸೀಟಿಯೇ ಬೇಕಿತ್ತಾ?”

“ಎರಡು ವರ್ಷ ಅದಕ್ಕೆ ಇನ್ನೇನು ಕೇಳಿಸಿದೆ?”

ಅಜ್ಜಯ್ಯ ಸೀಟಿಯನ್ನು ಶಲ್ಯದ ತುದಿಯಲ್ಲಿ ಒರೆಸಿ ಅವಳ ಅಂಗೈಯಲ್ಲಿಟ್ಟು ಹೋದರು.

ಅವಳು ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಉಗ್ರಾಣದ ಮೊಳೆಗೆ ನೇತುಹಾಕಿ ಪೇಟೆಯ ದಾರಿ ಹಿಡಿದಳು.

ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಚರಂಡಿ ಪಕ್ಕದಲ್ಲಿ ಓಬಳಮ್ಮ ಕನಕಾಂಬರ ಕಟ್ಟುತ್ತಿದ್ದಳು. ಮುಖ ನೋಡದೆ ಅಂದಳು. “ಎಷ್ಟು ಮೊಳ?”

“ಹೂವಿಗೆ ಬಂದಿಲ್ಲ ಓಬಳಮ್ಮ. ಅವತ್ತು ಊದಿದ್ದು ಭೀಮರಾಜ. ನಿಮಗೆ ಹೇಳೋಣ ಅಂತ ಬಂದೆ.”

“ಓಹೋ. ಈಗ ಹಕ್ಕಿ ಮೇಲೆ ಹಾಕಾಕೆ ಬಂದೆಯಾ?”

“ಹಕ್ಕಿ ಊದಿದ್ದು ಒಂದೇ ಬೆಳಿಗ್ಗೆ. ನಾನು ಊದಿದ್ದು ಎರಡು ವರ್ಷ.”

ಓಬಳಮ್ಮನ ಬೆರಳು ನಿಂತಿತು. ಆದರೆ ಸಿಟ್ಟು ನಿಲ್ಲಲಿಲ್ಲ.

“ಕೇಳಿಲ್ಲಿ. ವಾರದಾಗೆ ಆರು ದಿನ ಈ ಗಬ್ಬು ವಾಸನೇಲಿ ಕೂತಿರ್ತೀನಿ. ಆರು ದಿನವೂ ಯಾರಾದ್ರೂ ಏನಾದ್ರೂ ಅಂತಾರೆ. ಜಾಗ ಬಿಡು ಅಂತಾರೆ, ಅತ್ಲಾಗೆ ಸರಿ ಅಂತಾರೆ. ಏಳನೇ ದಿನ ಒಂದೀಟು ನಗೋಣ ಅಂತ ಬಂದ್ರೆ ಅಲ್ಲೂ ನೀನು! ನಗ್ತಾ ನಗ್ತಾ ಹೂಳು ಎಷ್ಟು ಹೊತ್ತೆ ಅನ್ನೋದೇ ಗೊತ್ತಾಗ್ತಿರ್ಲಿಲ್ಲ ನಂಗೆ. ಬಾಯಿ ಮುಚ್ಕಂಡು ಹೊತ್ತ ದಿನ ನಡ ಬಿದ್ದೋಯ್ತು.”

ಮುಕ್ತಾ ತಲೆ ತಗ್ಗಿಸಿ ನಿಂತಳು. ಬಸ್ಸೊಂದು ಹೊಗೆಯುಗುಳಿ ಹೋಯಿತು. ಒಬ್ಬ ಗಿರಾಕಿ ಬಂದು ಎರಡು ಮೊಳ ಕೊಂಡು ಹೋದ. ಅವಳು ಇನ್ನೂ ನಿಂತೇ ಇದ್ದಳು.

“ಬರಬೇಕು ಓಬಳಮ್ಮ. ಹೊಂಡ ತುಂಬದಿದ್ರೆ ಈ ಸಲವೂ ಸಸಿ ಉಳಿಯಲ್ಲ.”

“ನೋಡಾನ” ಅಂದಳು ಓಬಳಮ್ಮ. “ಈಗ ಬೆಳಕಿಗೆ ಅಡ್ಡ ನಿಂತಿದೀಯ, ಹೋಗು.”

ಆ ವಾರ ಮುಕ್ತಾ ಒಂದೊಂದು ಮನೆಗೂ ಹೋದಳು. ಕೆಲವರು ಬೈದರು. ಕೆಲವರು ಬಾಗಿಲು ತೆಗೆಯಲಿಲ್ಲ. ಖಾದರ್ ಸಾಬರು ಹೊಲಿಗೆ ಯಂತ್ರ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡು, “ಹಕ್ಕಿಗೆ ಸಂಬಳ ಎಷ್ಟು ಕೊಡ್ತೀರಕ್ಕ?” ಅಂತ ಮಾತ್ರ ಕೇಳಿದರು. ಬರುತ್ತೇನೆ ಅನ್ನಲಿಲ್ಲ.

ಮುಂದಿನ ಭಾನುವಾರ ಐದು ಜನ ಬಂದರು.

ಕೊನೆಯ ಭಾನುವಾರ ಆಕಾಶ ಬೆಳಿಗ್ಗೆಯೇ ಕಂದಿತ್ತು. ಮುಕ್ತಾ ಹೊಂಡಕ್ಕಿಳಿದು ಮೊದಲ ಬುಟ್ಟಿ ತುಂಬುತ್ತಿದ್ದಾಗ ಹೊಂಗೆ ಮರದ ಕಡೆಯಿಂದ ಓಬಳಮ್ಮನ ನಗು ಕೇಳಿಸಿತು. ಅವಳ ಹಿಂದೆ ಖಾದರ್ ಸಾಬರು, ಅವರ ಹಿಂದೆ ಇನ್ನಷ್ಟು ಜನ. ಎಲ್ಲರೂ ಅಲ್ಲ, ಇಪ್ಪತ್ತೈದು ಇಪ್ಪತ್ತಾರು.

ಬುಟ್ಟಿಗಳು ಸಾಲು ಹಿಡಿದವು. ಅಷ್ಟರಲ್ಲಿ ಮತ್ತಿಮರದ ಮೇಲಿಂದ ಸೀಟಿ ಬಂತು. ಎಲ್ಲರ ಕೈಯೂ ಥಟ್ಟನೆ ನಿಂತಿತು. ಎಲ್ಲರೂ ಮುಕ್ತಾಳನ್ನು ನೋಡಿದರು. ಅವಳ ಎರಡೂ ಕೈಯಲ್ಲಿ ಹೂಳಿತ್ತು.

ಓಬಳಮ್ಮ ಮರದ ಕಡೆ ಕತ್ತೆತ್ತಿದಳು. “ಈಗ ಏನು ತಪ್ಪು ಮಾಡಿದ್ವೋ ಸಾಹೇಬ?”

ಹೊಂಡಕ್ಕೆ ಹೊಂಡವೇ ನಕ್ಕಿತು. ಮುಕ್ತಾಳಿಗೆ ನಗು ಬರಲಿಲ್ಲ, ಆದರೆ ಬುಟ್ಟಿ ಎತ್ತಿ ಮುಂದಕ್ಕೆ ಕೊಟ್ಟಳು.

ಹೊತ್ತು ಇಳಿಯಿತು. ಗಾಳಿಗೆ ಮಳೆಯ ವಾಸನೆ ಬಂತು. ಹೊಂಡದ ಮೂರನೇ ಒಂದು ಭಾಗ ಇನ್ನೂ ಹಾಗೇ ಇತ್ತು. ಆಗ ಮುಕ್ತಾ ಕಂಡಳು. ಹೊಸದಾಗಿ ಬಂದವನೊಬ್ಬ ಬೆವರಿಗೆ ಗಾಳಿ ಹಾಕಿಕೊಳ್ಳಲು ಎಳೆಯ ಹೊಂಗೆಯ ಟೊಂಗೆ ಮುರಿಯುತ್ತಿದ್ದ.

ಅವಳ ಕೈ ಎದೆಯ ಹತ್ತಿರ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅವನ ಪಕ್ಕಕ್ಕೆ ನಡೆದುಹೋಗಿ, ಅವನಿಗೆ ಕೇಳಿಸುವಷ್ಟು ಹತ್ತಿರ ನಿಂತು ಅಂದಳು. “ಅಣ್ಣಾ, ಟೊಂಗೆ ಮುರೀಬೇಡಿ.”

“ಅಯ್ಯೋ, ಗೊತ್ತಾಗ್ಲಿಲ್ಲಕ್ಕ” ಅಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅಷ್ಟಾದರೂ ಅವಳ ಎದೆ ಉರಿಯುತ್ತಲೇ ಇತ್ತು. ಅಜ್ಜಯ್ಯ ಮೊಣಕಾಲವರೆಗೆ ಕೆಸರಲ್ಲಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಅವರ ಹತ್ತಿರ ಹೋದಳು.

“ಅಜ್ಜಯ್ಯ, ಅವನು ಮುರಿಯೋಕೆ ಹೋಗಿದ್ದು ನೋಡಿದ್ರಾ?”

“ನೋಡಿದೆ.”

“ಕೇಳಿದ ಕೂಡಲೇ ಬಿಟ್ಟ. ಇಷ್ಟು ಜನ ಬಂದಿದ್ದಾರೆ. ಆದ್ರೂ ನನಗೆ ಸಿಟ್ಟು ಬಂತು. ಇನ್ನೂ ಇದೆ. ಏನು ಮಾಡಲಿ ಅದನ್ನ?”

ಅಜ್ಜಯ್ಯ ಒಮ್ಮೆ ಮೋಡ ನೋಡಿದರು, ಒಮ್ಮೆ ಉಳಿದ ಹೂಳು ನೋಡಿದರು.

“ಬಂದವರನ್ನ ಸುಮ್ಮನೆ ನಿಲ್ಲಿಸಬೇಡ” ಅಂದರು. “ಆ ಸಿಟ್ಟಿಗೂ ಒಂದು ಬುಟ್ಟಿ ಕೊಡು.”